ಮನೆಯೇ ಕಾಲೇಜಾದಾಗ

ಮಗಳು ಬಿ.ಕಾಂ. ಮುಗಿಸಿದಳು. ಇನ್ನು ಮುಂದೇನು? ಈ ಪ್ರಶ್ನೆ ಏಳದ ಮಧ್ಯಮ ವರ್ಗದ ಮನೆ ನಮ್ಮ ನಾಡಿನಲ್ಲಿ ಇರಲಾರದು. ತಂದೆಯದೊಂದು ಯೋಚನೆ, ತಾಯಿಯದೊಂದು, ಅಜ್ಜಿಯದು ಮತ್ತೊಂದು. ಮಗಳ ಯೋಚನೆ ಏನೆಂದು ಕೇಳುವ ಹೊತ್ತಿಗೆ ಸಾಧಾರಣವಾಗಿ ಊಟದ ವೇಳೆ ಮೀರಿರುತ್ತದೆ. ಈಚಿನ ವರ್ಷಗಳಲ್ಲಿ ಈ ಚರ್ಚೆಗೆ ಹೊಸದೊಂದು ಮಾತು ಬಂದು ಸೇರಿದೆ. “ಮನೆಯಲ್ಲಿದ್ದುಕೊಂಡೇ ಎಂ.ಬಿ.ಎ. ಓದುತ್ತೇನೆ. ಮಾನವ ಸಂಪನ್ಮೂಲ ನಿರ್ವಹಣೆ ನನ್ನ ವಿಷಯ” ಎನ್ನುತ್ತಾಳೆ ಮಗಳು. ತಂದೆಗೆ ಅನುಮಾನ: ಕಾಲೇಜಿಗೆ ಹೋಗದೆ ಪಡೆದ ಡಿಗ್ರಿಗೆ ಬೆಲೆಯುಂಟೆ? ತಾಯಿಗೆ ಸಮಾಧಾನ: ಹೇಗೂ ಮನೆಯಲ್ಲೇ ಇರುತ್ತಾಳಲ್ಲ! ಅಜ್ಜಿಗೆ ನಗು: “ಮನುಷ್ಯರನ್ನು ಸಂಭಾಳಿಸುವುದನ್ನು ಪುಸ್ತಕ ಓದಿ ಕಲಿಯಬೇಕೇನೆ? ಹದಿನಾಲ್ಕು ಜನರ ಮನೆಯನ್ನು ನಾನು ಯಾವ ಪರೀಕ್ಷೆ ಕಟ್ಟಿ ನಡೆಸಿದೆ?”

ಮೂವರ ಮಾತಿನಲ್ಲಿಯೂ ತಿರುಳಿದೆ. ಈ ವಾರ ಒಂದೊಂದನ್ನಾಗಿ ವಿಚಾರಿಸೋಣ.

ಇದು ಬೆಂಗಳೂರು, ಮೈಸೂರುಗಳ ಮನೆಗಳಿಗೆ ಮಾತ್ರ ಸೇರಿದ ಸಂಗತಿಯೆಂದು ವಾಚಕರು ಭಾವಿಸಬೇಕಾಗಿಲ್ಲ. ಚಿತ್ರದುರ್ಗದ ಸೀಮೆಯ ಸಿರಿಗೆರೆಯನ್ನೇ ತೆಗೆದುಕೊಳ್ಳಿ. ದುರ್ಗದಿಂದ ದಾವಣಗೆರೆಯ ಕಡೆಗೆ ಸಾಗುವ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ಹೊರಳಿದರೆ ಸಿಕ್ಕುವ ಊರು ಅದು. ಸುತ್ತ ಮೆಕ್ಕೆಜೋಳ, ಈರುಳ್ಳಿಯ ಹೊಲಗಳು. ನಡುವೆ ತರಳಬಾಳು ಬೃಹನ್ಮಠ. ಊರು ಚಿಕ್ಕದಾದರೂ ವಿದ್ಯೆಯ ಹೆಸರು ದೊಡ್ಡದು. ಶಿವಕುಮಾರ ಶಿವಾಚಾರ್ಯ ಸ್ವಾಮಿಗಳ ಕಾಲದಲ್ಲಿ, 1962ರಲ್ಲಿ, ಸ್ಥಾಪಿತವಾದ ವಿದ್ಯಾಸಂಸ್ಥೆಯ ಶಾಲೆ ಕಾಲೇಜುಗಳಿಂದ ಹಳ್ಳಿಗಾಡಿನ ಎಷ್ಟೋ ಮನೆಗಳ ಮಕ್ಕಳು ಅಕ್ಷರವಂತರಾದರು. ಅವರ ತರುವಾಯ ಪೀಠವನ್ನೇರಿದ ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳು ಪಾಣಿನಿಯ ವ್ಯಾಕರಣವನ್ನೇ ಕಂಪ್ಯೂಟರಿಗೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ಯನ್ನು ರಚಿಸಿದರು. ಅಷ್ಟಾಧ್ಯಾಯಿಯೇ ಯಂತ್ರದ ತೆರೆಯ ಮೇಲೆ ಮೂಡಿದ ಊರಿನಲ್ಲಿ, ತೆರೆಯ ಮುಂದೆ ಕುಳಿತು ಪಾಠ ಕೇಳುವುದು ವಿಚಿತ್ರವೆನಿಸಬಾರದು.

ಆ ಊರಿನ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳೋಣ. ಬಿ.ಕಾಂ. ಆಗಿದೆ. ದಾವಣಗೆರೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಬಸ್ಸು ಹಿಡಿದರೆ ಮನೆಗೆ ಹಿಂದಿರುಗುವುದು ದೀಪ ಹಚ್ಚುವ ಹೊತ್ತಿಗೆ. ಸ್ನಾತಕೋತ್ತರ ವ್ಯಾಸಂಗಕ್ಕೆ ದಾವಣಗೆರೆಯಲ್ಲಿ 2009ರಲ್ಲಿ ಪ್ರಾರಂಭವಾದ ವಿಶ್ವವಿದ್ಯಾನಿಲಯವಿದೆ; ಆದರೆ ತರಗತಿಗೆ ಹೋಗಬೇಕಾದರೆ ಕೆಲಸ ಬಿಡಬೇಕು, ಕೆಲಸ ಬಿಟ್ಟರೆ ತಮ್ಮನ ಕಾಲೇಜಿನ ಫೀ ನಿಲ್ಲುತ್ತದೆ. ಇಂಥವಳಿಗೆ ಮನೆಯಿಂದಲೇ ಓದುವ ಅವಕಾಶವೆಂಬುದು ಶೋಕಿಯ ಮಾತಲ್ಲ. ಓದು ಅಲ್ಲಿಗೇ ನಿಲ್ಲುವುದೋ ಮುಂದುವರಿಯುವುದೋ ಎಂಬುದೇ ಅದನ್ನು ಅವಲಂಬಿಸಿದೆ.

ಮೊದಲು ತಂದೆಯ ಅನುಮಾನವನ್ನು ನೋಡೋಣ. ಮನೆಯಲ್ಲಿದ್ದು ಓದುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿಯೇ ಅಂಚೆಯ ಮೂಲಕ ಪಾಠ ಕಳುಹಿಸಲಾರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ 1969-70ರಲ್ಲಿ ಮೊದಲಾಯಿತು. ಗುಮಾಸ್ತರು, ಪ್ರೈಮರಿ ಶಾಲೆಯ ಮೇಷ್ಟರುಗಳು, ಮದುವೆಯಾಗಿ ಓದು ನಿಂತಿದ್ದ ಗೃಹಿಣಿಯರು ಹಳದಿ ಲಕೋಟೆಯ ಪಾಠಗಳನ್ನು ರಾತ್ರಿ ಓದಿ ಬಿ.ಎ., ಎಂ.ಎ. ಪದವೀಧರರಾದರು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ಮೈಸೂರಿನ ಆ ಅಂಚೆ ಶಿಕ್ಷಣದ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಂಚೆಯವನು ತರುತ್ತಿದ್ದ ಪಾಠವನ್ನು ಈಗ ತಂತಿಯೂ ಇಲ್ಲದ ಅಲೆಗಳು ತರುತ್ತಿವೆ, ಅಷ್ಟೆ.

ಬೆಲೆಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಯು.ಜಿ.ಸಿ.ಯ 2020ರ ನಿಯಮಾವಳಿಯ ಪ್ರಕಾರ, ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್ ಕ್ರಮದಲ್ಲಾಗಲಿ ಕೊಡುವ ಪದವಿ, ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನ. 2022ರ ಸೆಪ್ಟೆಂಬರಿನಲ್ಲಿ ಈ ಮಾತನ್ನು ಮತ್ತೊಮ್ಮೆ ಪ್ರಕಟಿಸಿದ್ದೂ ಆಗಿದೆ. ಪರೀಕ್ಷೆಯೂ ಹೆಸರಿಗೆ ಮಾತ್ರವಲ್ಲ. ಸೆಮಿಸ್ಟರಿನ ನಡುವಣ ಬರವಣಿಗೆ, ಕಿರುಪರೀಕ್ಷೆಗಳಿಗೆ ಹೆಚ್ಚೆಂದರೆ ನೂರಕ್ಕೆ 30 ಅಂಕ. ಕೊನೆಯ ಪರೀಕ್ಷೆಗೆ ಕನಿಷ್ಠ 70. ಅದೂ ಮೇಲ್ವಿಚಾರಣೆಯಲ್ಲಿಯೇ ಬರೆಯತಕ್ಕದ್ದು.

ಆದರೆ ‘ಮಾನ್ಯತೆ ಪಡೆದ’ ಎಂಬ ಎರಡು ಪದಗಳಲ್ಲಿ ಎಲ್ಲವೂ ಅಡಗಿದೆ. ಇದರ ಬಿಸಿ ನಮ್ಮ ರಾಜ್ಯದವರಿಗೇ ತಟ್ಟಿದೆ. 2012-13ರ ನಂತರ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲವೆಂದು ಯು.ಜಿ.ಸಿ. 2015ರಲ್ಲಿ ಸಾರಿತು. ರಾಜ್ಯದ ಎಲ್ಲೆಯಾಚೆ ಕೇಂದ್ರಗಳನ್ನು ನಡೆಸಿದ್ದು, ಅನುಮತಿಯಿಲ್ಲದ ಕೋರ್ಸುಗಳನ್ನು ಕೊಟ್ಟದ್ದು ಅದಕ್ಕೆ ಕಾರಣಗಳಾಗಿದ್ದವು. ಮಾನ್ಯತೆ ಮರಳಿದ್ದು 2018-19ರ ಸಾಲಿನಿಂದ. ನಡುವಿನ ವರ್ಷಗಳಲ್ಲಿ ಶ್ರದ್ಧೆಯಿಂದ ಓದಿ ತೇರ್ಗಡೆಯಾದವರು ಕೈಯಲ್ಲಿ ಪದವಿಪತ್ರ ಹಿಡಿದು, ಅದು ಎಲ್ಲಿ ನಡೆಯುತ್ತದೆ ಎಲ್ಲಿ ನಡೆಯುವುದಿಲ್ಲ ಎಂದು ತಿಳಿಯದೆ ಕಳವಳಪಟ್ಟರು. ಓದಿದವರದು ತಪ್ಪೇನೂ ಇರಲಿಲ್ಲ. ಆದರೂ ಪೇಚಾಡಿದವರು ಅವರೇ.

ಆದುದರಿಂದ ಹಣ ಕಟ್ಟುವ ಮೊದಲು ಯಜಮಾನರು ಒಂದು ಸಂಜೆಯನ್ನು ಇದಕ್ಕಾಗಿ ಎತ್ತಿಡಲಿ. ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಅನುಮತಿ ಪಡೆದ ವಿಶ್ವವಿದ್ಯಾನಿಲಯಗಳ ಪಟ್ಟಿಯಿದೆ. ಸಂಸ್ಥೆಯ ಹೆಸರು ಇದ್ದರೆ ಸಾಲದು. ಸೇರಬೇಕೆಂದಿರುವ ಕೋರ್ಸಿನ ಹೆಸರಿರಬೇಕು, ಸೇರುವ ವರ್ಷವಿರಬೇಕು, ‘ಆನ್‌ಲೈನ್’ ಎಂಬ ಕ್ರಮವೂ ಇರಬೇಕು. ದೂರಶಿಕ್ಷಣಕ್ಕೆ ದೊರೆತ ಅನುಮತಿ ಬೇರೆ, ಆನ್‌ಲೈನಿಗೆ ದೊರೆತ ಅನುಮತಿ ಬೇರೆ. 2024ರಿಂದ ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಡಿ.ಇ.ಬಿ. ಗುರುತಿನ ಸಂಖ್ಯೆಯೊಂದನ್ನು ಪಡೆದೇ ಪ್ರವೇಶಕ್ಕೆ ಅರ್ಜಿ ಹಾಕಬೇಕೆಂಬ ಕ್ರಮವೂ ಬಂದಿದೆ. ಇದನ್ನು ಕೇಳದೆಯೇ ಸೇರಿಸಿಕೊಳ್ಳುತ್ತೇವೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದು ಕ್ಷೇಮ.

ಇನ್ನು ದೂರವಾಣಿಯಲ್ಲಿ ದಿನಕ್ಕೆ ನಾಲ್ಕು ಸಲ “ಇಂದೇ ಸೇರಿದರೆ ರಿಯಾಯಿತಿ, ನಾಳೆಯಾದರೆ ಇಲ್ಲ” ಎಂದು ಅವಸರಪಡಿಸುವವರ ಮಾತು. ವಿದ್ಯೆ ಆಷಾಢದ ಬಟ್ಟೆಯಂಗಡಿಯ ಸರಕಲ್ಲ. ಪದವಿಯ ಪಾಠವನ್ನು ಬೇರೆಯವರಿಗೆ ಗುತ್ತಿಗೆ ಕೊಡುವುದನ್ನು ನಿಯಮ ನಿಷೇಧಿಸುತ್ತದೆ. ಫೀ ಹಣ ವಿಶ್ವವಿದ್ಯಾನಿಲಯದ ಖಾತೆಗೇ ಹೋಗಬೇಕು, ರಶೀದಿ ಅದರ ಹೆಸರಿನಲ್ಲೇ ಬರಬೇಕು. ‘ಸುಲಭ ಕಂತು’ ಎಂದು ಮುಂದಿಡುವ ಕಾಗದ ಹಲವೊಮ್ಮೆ ಸಾಲದ ಪತ್ರವಾಗಿರುತ್ತದೆ. ಮಗಳು ಓದು ಬಿಟ್ಟರೂ ಕಂತು ಬಿಡುವುದಿಲ್ಲ. ಓದದೆ ರುಜು ಹಾಕಬೇಡಿ. ಹತ್ತು ದಿನದಲ್ಲಿ ಎಂ.ಬಿ.ಎ. ಕೊಡುತ್ತೇವೆನ್ನುವವರ ಬಗೆಗೆ ಯು.ಜಿ.ಸಿ.ಯೇ 2024ರಲ್ಲಿ ಎಚ್ಚರಿಕೆ ಕೊಡಬೇಕಾಗಿ ಬಂತು. ಹತ್ತು ದಿನದಲ್ಲಿ ಹಪ್ಪಳ ಒಣಗಬಹುದು. ಎರಡು ವರ್ಷದ ವಿದ್ಯೆ ಬರಲಾರದು.

ಈಗ ಅಜ್ಜಿಯ ಪ್ರಶ್ನೆ. ಜನರನ್ನು ನಡೆಸಿಕೊಳ್ಳುವುದನ್ನು ಓದಿ ಕಲಿಯಬೇಕೆ?

ಮನೆಯಲ್ಲಿ ಹದಿನಾಲ್ಕು ಜನ; ಕಾರ್ಖಾನೆಯಲ್ಲಿ ಸಾವಿರದ ನಾನೂರು. ಮನೆಯಲ್ಲಿ ಪ್ರೀತಿ ಉಂಟು, ಹಂಗು ಉಂಟು. ಸೊಸೆ ಮುನಿಸಿಕೊಂಡರೆ ರಾತ್ರಿಯೊಳಗೆ ತಿಳಿಯುತ್ತದೆ. ಸಾವಿರ ಜನರಿರುವಲ್ಲಿ ಯಾರು ಏಕೆ ಮುನಿದರೆಂಬುದು ತಿಳಿಯುವ ಹೊತ್ತಿಗೆ ಯಂತ್ರಗಳು ನಿಂತಿರುತ್ತವೆ. ಆದ್ದರಿಂದ ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಹೇಗೆ ತರಬೇತು ಕೊಡಬೇಕು, ಸಂಬಳವನ್ನು ಯಾವ ಆಧಾರದ ಮೇಲೆ ಗೊತ್ತುಮಾಡಬೇಕು, ದೂರು ಬಂದರೆ ಯಾರು ಕೇಳಬೇಕು, ಕಾನೂನು ಏನು ಹೇಳುತ್ತದೆ ಎಂಬುದಕ್ಕೆಲ್ಲ ಒಂದು ಶಾಸ್ತ್ರ ಬೆಳೆದಿದೆ. ‘ಮಾನವ ಸಂಪನ್ಮೂಲ’ ಎಂಬ ಹೆಸರು ಕಿವಿಗೆ ಗಡುಸು. ಮನುಷ್ಯನನ್ನು ಕಲ್ಲಿದ್ದಲು, ಕಬ್ಬಿಣಗಳ ಸಾಲಿನಲ್ಲಿ ನಿಲ್ಲಿಸಿದ ಹಾಗೆ ತೋರುತ್ತದೆ. ಆದರೆ ಒಳಗಿರುವ ವಿಷಯ ಅಜ್ಜಿಯದೇ.

ನಮ್ಮ ದೇಶದಲ್ಲಿ ಈ ಶಾಸ್ತ್ರದ ಒಂದು ದೊಡ್ಡ ಪಾಠ ನಡೆದದ್ದು ಒಂದೇ ಮನೆಯ ಅಕ್ಕ ತಮ್ಮಂದಿರ ನಡುವೆ. 1918ರಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿಗಳಲ್ಲಿ ತಗಾದೆ ಎದ್ದಿತು. ಪ್ಲೇಗಿನ ದಿನಗಳಲ್ಲಿ ಕೆಲಸಗಾರರು ಊರು ಬಿಟ್ಟು ಹೋಗದಿರಲೆಂದು ಕೊಡುತ್ತಿದ್ದ ಹೆಚ್ಚುವರಿ ಹಣವನ್ನು ಮಾಲೀಕರು ನಿಲ್ಲಿಸಹೊರಟಿದ್ದರು. ಪೇಟೆಯಲ್ಲಿ ಬೆಲೆಗಳು ಮಾತ್ರ ಏರಿಯೇ ಇದ್ದವು. ಮಾಲೀಕರ ಪಕ್ಷದಲ್ಲಿ ಅಂಬಾಲಾಲ್ ಸಾರಾಭಾಯಿ; ಕೆಲಸಗಾರರ ಪಕ್ಷದಲ್ಲಿ ಅವರ ಒಡಹುಟ್ಟಿದ ಅನಸೂಯಾ ಸಾರಾಭಾಯಿ. ಮಾಲೀಕರು ನೂರಕ್ಕೆ 20 ಏರಿಸುತ್ತೇವೆಂದರು. ಗಾಂಧೀಜಿ ಲೆಕ್ಕಪತ್ರಗಳನ್ನು ಪರಿಶೀಲಿಸಿ ನೂರಕ್ಕೆ 35 ನ್ಯಾಯವೆಂದರು. ಮುಷ್ಕರ ನಡೆಯಿತು, ಗಾಂಧೀಜಿ ಮೂರು ದಿನ ಉಪವಾಸ ಕೈಗೊಂಡರು. ಕಡೆಗೆ ವಿವಾದ ಪಂಚಾಯ್ತಿಗೆ ಹೋಯಿತು. ಪಂಚರಾಗಿದ್ದ ಆನಂದಶಂಕರ ಧ್ರುವರು 35ನ್ನೇ ಎತ್ತಿಹಿಡಿದರು. ಅಕ್ಕ ತಮ್ಮಂದಿರ ನಡುವಣ ವಿಶ್ವಾಸ ಮುರಿದುಬೀಳಲಿಲ್ಲವೆಂಬುದು ಗಮನಿಸತಕ್ಕ ಅಂಶ. ಎದುರು ಪಕ್ಷದವರನ್ನು ಶತ್ರುವೆಂದೆಣಿಸದೆ ಲೆಕ್ಕವನ್ನು ಮುಂದಿಟ್ಟುಕೊಂಡು ವಾದಿಸುವುದನ್ನೇ ಈ ವಿಷಯದ ಪುಸ್ತಕಗಳು ಇಂದಿಗೂ ನೂರಾರು ಪುಟಗಳಲ್ಲಿ ಬೋಧಿಸುತ್ತವೆ.

ಸಿರಿಗೆರೆಯ ವಿದ್ಯಾರ್ಥಿನಿಗೆ ಇಂಥ ಉದಾಹರಣೆಗಾಗಿ ಅಹಮದಾಬಾದಿನವರೆಗೆ ಹೋಗುವ ಅಗತ್ಯವೂ ಇಲ್ಲ. ಅವಳ ಊರಿನ ಸದ್ಧರ್ಮ ನ್ಯಾಯಪೀಠಕ್ಕೆ ಸೋಮವಾರದಂದು ಹೊಲದ ಬದುವಿನ ತಕರಾರು, ಅಣ್ಣ ತಮ್ಮಂದಿರ ಪಾಲಿನ ತಕರಾರು, ಗಂಡ ಹೆಂಡಿರ ಮನಸ್ತಾಪಗಳನ್ನು ಹೊತ್ತು ಜನ ದೂರ ದೂರದಿಂದ ಬರುತ್ತಾರೆ. ವಾದಿ ಪ್ರತಿವಾದಿಗಳಿಬ್ಬರ ಮಾತನ್ನೂ ಎದುರು ಬದುರಿನಲ್ಲಿ ಕೇಳುವುದು, ರಾಜಿಗೆ ದಾರಿ ಮಾಡುವುದು ಅಲ್ಲಿಯ ಕ್ರಮ. ಪುಸ್ತಕದಲ್ಲಿ ‘ಗ್ರೀವೆನ್ಸ್’ ಎಂದು ಬಂದಾಗ ಅದು ನಮ್ಮ ಕುಂದುಕೊರತೆ, ‘ಆರ್ಬಿಟ್ರೇಷನ್’ ಎಂದು ಬಂದಾಗ ಅದು ನಮ್ಮ ಪಂಚಾಯ್ತಿ ಎಂದು ಅವಳು ಗುರುತು ಹಾಕಿಕೊಂಡರೆ ಅರ್ಧ ಭಯ ಹೋದಂತೆಯೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಪಾಠಗಳಿಗೆ ಹೆದರುವುದುಂಟು. ಪಾಠದ ಪ್ರತಿಯೊಂದು ದೊಡ್ಡ ಪದಕ್ಕೂ ತನ್ನ ಊರಿನ ಒಂದು ಪ್ರಸಂಗವನ್ನು ಜೊತೆಮಾಡಿ ಬರೆದಿಟ್ಟುಕೊಳ್ಳುವುದು ಆ ಹೆದರಿಕೆಗೆ ಒಳ್ಳೆಯ ಮದ್ದು. ತರಳಬಾಳು ಹುಣ್ಣಿಮೆಯ ಒಂಬತ್ತು ದಿನಗಳಲ್ಲಿ ಅಡಿಗೆಗೆ ಯಾರು, ಬಡಿಸಲು ಯಾರು, ನೀರಿಗೆ ಯಾರು, ಬಂದವರ ವಸತಿಗೆ ಯಾರು ಎಂದು ಗೊತ್ತುಮಾಡುವವರನ್ನು ಒಂದು ಗಂಟೆ ನಿಂತು ನೋಡಿದರೆ ಕಾರ್ಯಹಂಚಿಕೆಯ ಅಧ್ಯಾಯ ತಾನಾಗಿ ಅರ್ಥವಾದೀತು.

ಮನೆಯ ಬೀರುವಿನಲ್ಲಿಯೂ ಒಂದು ಪಠ್ಯಪುಸ್ತಕವಿದೆ. ಅಣ್ಣನ ಸಂಬಳದ ಚೀಟಿಯನ್ನು ತೆಗೆಯಿರಿ. ಮೂಲವೇತನವೆಷ್ಟು, ಭತ್ಯಗಳೆಷ್ಟು? ಭವಿಷ್ಯನಿಧಿಗೆ ನೂರಕ್ಕೆ 12 ಹೋಗಿದೆ. ಮಾಲೀಕನೂ ಅಷ್ಟೇ ಸೇರಿಸಬೇಕು, ಅವನ ಪಾಲಿನ ಒಂದು ಭಾಗ ಪಿಂಚಣಿಗೆ ಹೋಗುತ್ತದೆ. ಇ.ಎಸ್.ಐ.ಗೆ ಕೆಲಸಗಾರನಿಂದ 0.75, ಮಾಲೀಕನಿಂದ 3.25. ಇದನ್ನು ಬಿಡಿಸಿ ಓದಬಲ್ಲ ಮಗಳು ಮನೆಯಲ್ಲಿದ್ದರೆ, ಕಡಿತವಾದ ಹಣ ನಿಜವಾಗಿ ಖಾತೆಗೆ ಸೇರಿದೆಯೆ ಎಂದು ಅಣ್ಣ ಮೊದಲ ಬಾರಿಗೆ ವಿಚಾರಿಸಿಯಾನು. ಕಾನೂನಿನ ಪಾಠದಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ. ಹಳೆಯ 29 ಕಾರ್ಮಿಕ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಸೇರಿಸಿ, ಅವನ್ನು 2025ರ ನವೆಂಬರ್ 21ರಂದು ಜಾರಿಗೆ ತರಲಾಯಿತು. ಅದಕ್ಕೆ ಹಿಂದೆ ಅಚ್ಚಾದ ಪುಸ್ತಕ ಹಿಡಿದು ಓದುವವರು ಹೊಸ ಪಾಠವನ್ನು ಗುರುಗಳಿಂದ ಕೇಳಿ ಪಡೆಯಬೇಕು.

ಈ ಬದಲಾವಣೆಯಿಂದ ಉದ್ಯೋಗದ ಬಾಗಿಲೂ ಕೊಂಚ ಅಗಲವಾಗಿದೆ. 1948ರ ಕಾರ್ಖಾನೆ ಕಾಯಿದೆ 500 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಕ್ಷೇಮಾಧಿಕಾರಿ ಇರತಕ್ಕದ್ದೆಂದಿತ್ತು. ಹೊಸ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ. ಆ ಹುದ್ದೆಗೆ ಯಾವ ಪದವಿ ಸಲ್ಲುತ್ತದೆಂಬುದನ್ನು ನಿಯಮ ನೋಡಿ ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ಪದವಿ ಬಂದ ಮರುದಿನವೇ ಮ್ಯಾನೇಜರರ ಕುರ್ಚಿ ಕಾದಿರುತ್ತದೆಂದು ಯಾರೂ ಭ್ರಮಿಸಬಾರದು. ಹಾಜರಿ ಪುಸ್ತಕ, ರಜೆಯ ಲೆಕ್ಕ, ಸಂಬಳದ ಪಟ್ಟಿ, ಇವುಗಳಿಂದಲೇ ಆರಂಭ. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ಈ ವೃತ್ತಿಗೆ ಹೇಳಿಮಾಡಿಸಿದಂತಿದೆ. ಈಗಾಗಲೇ ಎಲ್ಲಾದರೂ ಕೆಲಸದಲ್ಲಿರುವವರಿಗೆ ಈ ಓದು ಹೆಚ್ಚು ಫಲ ಕೊಡುತ್ತದೆ. ಹಗಲು ಕಂಡದ್ದನ್ನು ರಾತ್ರಿ ಓದುವ ಭಾಗ್ಯ ಅವರದು.

ಕೊನೆಯದಾಗಿ ತಾಯಿಯ ಸಮಾಧಾನ: ಹೇಗೂ ಮನೆಯಲ್ಲೇ ಇರುತ್ತಾಳಲ್ಲ! ಮೂರು ಮಾತುಗಳಲ್ಲಿ ಹೆಚ್ಚು ಅಪಾಯದ್ದು ಇದೇ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಕ್ರೆಡಿಟ್ ಎಂದರೆ ಸುಮಾರು 30 ಗಂಟೆಗಳ ಅಭ್ಯಾಸ. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ. ಆರು ತಿಂಗಳ ಒಂದು ಸೆಮಿಸ್ಟರಿಗೆ ಐದು ವಿಷಯಗಳೆಂದಿಟ್ಟುಕೊಂಡರೆ 600 ಗಂಟೆ. ಅದನ್ನು 180 ದಿನಗಳಿಗೆ ಹಂಚಿದರೆ ದಿನಕ್ಕೆ 3 ಗಂಟೆ 20 ನಿಮಿಷ. ಹಬ್ಬಕ್ಕೆ, ಜ್ವರಕ್ಕೆ, ನೆಂಟರಿಗೆ ಒಂದು ದಿನವನ್ನೂ ಬಿಡದೆ ಹಾಕಿದ ಲೆಕ್ಕವಿದು. ದಾವಣಗೆರೆಯಿಂದ ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವ ಆ ಹುಡುಗಿಯ ದಿನದಲ್ಲಿ ಈ ಮೂರು ಗಂಟೆ ಇಪ್ಪತ್ತು ನಿಮಿಷ ಎಲ್ಲಿದೆ?

ಕಾಲೇಜಿಗೆ ಹೋಗುವ ಮಗಳನ್ನು ಹನ್ನೊಂದು ಗಂಟೆಗೆ ಯಾರೂ “ಸ್ವಲ್ಪ ಒಗ್ಗರಣೆ ಹಾಕಿ ಬಾ” ಎಂದು ಕರೆಯುವುದಿಲ್ಲ, ಕರೆದರೂ ಕೇಳಿಸುವುದಿಲ್ಲ. ಮನೆಯಲ್ಲಿ ಕುಳಿತು ಓದುವವಳನ್ನು ಎಲ್ಲರೂ ಕರೆಯುತ್ತಾರೆ. ಹಾಲಿನವನು ಬಂದರೆ ಅವಳು ಏಳಬೇಕು, ನೆಂಟರು ಬಂದರೆ ಅವಳು ಕಾಫಿ ಕೊಡಬೇಕು. ಈರುಳ್ಳಿ ಕೀಳುವ ಕಾಲದಲ್ಲಿ ಹೊಲದವರಿಗೆ ಬುತ್ತಿ ಕಟ್ಟುವವಳೂ ಅವಳೇ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತವಳು ಪಾಠ ಕೇಳುತ್ತಿದ್ದಾಳೋ ಹಾಡು ಕೇಳುತ್ತಿದ್ದಾಳೋ ಹೊರಗಿನಿಂದ ನೋಡುವವರಿಗೆ ತಿಳಿಯದು. ಹಾಡೇ ಇರಬೇಕೆಂದು ಊಹಿಸುವವರೇ ಹೆಚ್ಚು. ಗಂಡುಮಗ ಓದುತ್ತಿದ್ದರೆ ಮನೆಯೆಲ್ಲ ಪಿಸುಮಾತಿನಲ್ಲಿ ಓಡಾಡುತ್ತದೆ. ಸೊಸೆ ಓದುತ್ತಿದ್ದರೆ ಪಾತ್ರೆಗಳ ಸದ್ದು ಒಂದಿಷ್ಟು ಜೋರಾಗುವುದೂ ಉಂಟು. ಕಟು ಮಾತಾಯಿತೆಂದು ವಾಚಕಿಯರು ಮುನಿಸಿಕೊಳ್ಳಬಾರದು. ತಮ್ಮ ತಮ್ಮ ಮನೆಯ ಗೋಡೆಗಳನ್ನು ಕೇಳಿ ನೋಡಲಿ.

ಹೀಗೆ ಅಡಿಗಡಿಗೆ ಎದ್ದು ಹೋಗಿ, ರಾತ್ರಿ ಹನ್ನೊಂದಕ್ಕೆ ತೂಕಡಿಸುತ್ತ ಓದಿ, ಒಂದು ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿಸಿಕೊಂಡು, ಮುಂದಿನದರಲ್ಲಿ ಇನ್ನೆರಡು ಉಳಿಸಿಕೊಂಡು, ಕಡೆಗೆ ಸದ್ದಿಲ್ಲದೆ ಓದು ಬಿಟ್ಟವರನ್ನು “ಅವಳಿಗೆ ಆಗಲಿಲ್ಲ” ಎಂದು ಹೇಳಿ ಮನೆಯವರು ಕೈತೊಳೆದುಕೊಳ್ಳುತ್ತಾರೆ. ಫೀ ಕಟ್ಟಿದ್ದು ಎಲ್ಲರಿಗೂ ನೆನಪಿರುತ್ತದೆ. ಹೊತ್ತು ಕೊಡದಿದ್ದದ್ದು ಯಾರಿಗೂ ನೆನಪಿರುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಪ್ರವೇಶದ ಅರ್ಜಿ ತುಂಬುವ ದಿನವೇ ಮನೆಯವರೆಲ್ಲ ಕುಳಿತು ಒಂದು ವೇಳಾಪಟ್ಟಿ ಬರೆಯಲಿ. ಬೆಳಿಗ್ಗೆ ಐದರಿಂದ ಆರೂವರೆ, ರಾತ್ರಿ ಎಂಟರಿಂದ ಹತ್ತು. ಆ ಹೊತ್ತಿನಲ್ಲಿ ಅವಳು ಮನೆಯಲ್ಲಿಲ್ಲ, ಕಾಲೇಜಿನಲ್ಲಿದ್ದಾಳೆ. ರಾತ್ರಿಯ ಅಡಿಗೆಯಲ್ಲಿ ಅವಳ ಪಾಲನ್ನು ಯಾರು ಮಾಡಬೇಕೆಂಬುದನ್ನು ಹೆಸರು ಸಹಿತ ಬರೆಯಲಿ. ಆ ಹೆಸರುಗಳಲ್ಲಿ ಗಂಡಸರದೂ ಇರಲಿ. ಬಾಗಿಲಿರುವ ಒಂದು ಕೋಣೆ, ಇಲ್ಲವಾದರೆ ಪರದೆಯಿರುವ ಒಂದು ಮೂಲೆ ಅವಳದಾಗಲಿ. ಕರೆಂಟು ಹೋಗುವ ಊರಾದರೆ ಪಾಠವನ್ನು ಮೊದಲೇ ಇಳಿಸಿಟ್ಟುಕೊಳ್ಳುವ ಅಭ್ಯಾಸ ಮಾಡಲಿ. ಪರೀಕ್ಷೆಯ ತಿಂಗಳುಗಳು ಯಾವುವೆಂದು ಕ್ಯಾಲೆಂಡರಿನಲ್ಲಿ ಗುರುತುಹಾಕಿ, ಆ ವಾರಗಳಲ್ಲಿ ಗೃಹಪ್ರವೇಶ, ನಾಮಕರಣಗಳ ಓಡಾಟದಿಂದ ಅವಳಿಗೆ ವಿನಾಯಿತಿ ಕೊಡಲಿ. ಬೀಗರು ಕೇಳಿದರೆ “ಪರೀಕ್ಷೆಯಿದೆ” ಎಂದು ಹೇಳಲು ಹಿರಿಯರು ಹಿಂಜರಿಯದಿರಲಿ.

ಈ ವೇಳಾಪಟ್ಟಿಗೆ ತಲೆಕೊಡಬಲ್ಲವರು ಮನೆಯಲ್ಲಿ ಅಜ್ಜಿಯೊಬ್ಬರೇ ಎಂಬುದು ನನ್ನ ಅಭಿಪ್ರಾಯ. ಯಾರ ಕೆಲಸ ಯಾರು ಮಾಡಬಲ್ಲರು, ಯಾರು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ ಎಂಬುದು ಅವರಿಗೆ ತಿಳಿದಷ್ಟು ಬೇರಾರಿಗೆ ತಿಳಿದೀತು? ಪಟ್ಟಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ, ಹದಿನೈದು ದಿನಕ್ಕೊಮ್ಮೆ ತನಿಖೆ ಮಾಡುವ ಅಧಿಕಾರವನ್ನೂ ಅವರಿಗೇ ಕೊಟ್ಟುಬಿಡಿ. ಮಾನ್ಯತೆಯ ಪಟ್ಟಿಯನ್ನು ತಂದೆ ನೋಡಿಕೊಳ್ಳಲಿ, ಪಾಠವನ್ನು ಮಗಳು ನೋಡಿಕೊಳ್ಳಲಿ. ಆ ಮೂರು ಗಂಟೆ ಇಪ್ಪತ್ತು ನಿಮಿಷವನ್ನು ಮಾತ್ರ ಮನೆಯವರೆಲ್ಲ ಸೇರಿ ಕಾಯಬೇಕು.